ಉಪ್ಪುಗಾಳಿ, ಕೆಂಪು ರಾಡಿ: ಕಾರು ಕೈಯಲ್ಲೇ ತೊಳೆಯಬೇಕೋ, ಮಷಿನ್ನಿಗೆ ಕೊಡಬೇಕೋ?

ಕಡಲತಡಿ_ಕಾರವಾರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಗಾಢ ನೀಲಿ ಬಣ್ಣದ ಹ್ಯಾಚ್‌ಬ್ಯಾಕ್, 2 ವರ್ಷ ಹಳೆಯದು. ನಿಲ್ಲುವುದು ಕಾರವಾರದಲ್ಲಿ, ಸಮುದ್ರದಿಂದ ಅರ್ಧ ಕಿಲೋಮೀಟರ್ ಒಳಗೆ, ತೆರೆದ ಶೀಟಿನ ಶೆಡ್ಡಿನಲ್ಲಿ. ವಾರಕ್ಕೊಮ್ಮೆ ಕುಮಟಾ, ದೇವಿಮನೆ ಘಟ್ಟದ ಮೇಲಿಂದ ಶಿರಸಿಗೆ ಹೋಗಿ ಬರುತ್ತದೆ. ಮಳೆಗಾಲದಲ್ಲಿ ಹಿಂದಿನ ಡಿಕ್ಕಿ, ಬಾಗಿಲಿನ ಕೆಳಭಾಗ ಪೂರ್ತಿ ಕೆಂಪು ರಾಡಿ. ಬೇಸಿಗೆಯಲ್ಲಿ ಬೆಳಿಗ್ಗೆ ಗಾಜು ಮುಟ್ಟಿದರೆ ಉಪ್ಪಿನ ಅಂಟು.

ಈಗ ಬಾನೆಟ್ ಮೇಲೆ ಬಿಸಿಲು ಬಿದ್ದಾಗ ಜೇಡರ ಬಲೆಯ ಹಾಗೆ ಸುತ್ತು ಸುತ್ತು ಗೀರು ಕಾಣುತ್ತಿದೆ. ಬ್ರಷ್ ತಿರುಗುವ ಆಟೋಮ್ಯಾಟಿಕ್ ವಾಶ್‌ನಿಂದ ಗೀರು ಬೀಳುತ್ತದೆ, ಮನೆಯಲ್ಲೇ ತೊಳೆಯಿರಿ ಎನ್ನುವವರಿದ್ದಾರೆ. ಮನೆಯಲ್ಲಿ ತೊಳೆದರೆ ತಳಭಾಗ ಸ್ವಚ್ಛವಾಗುವುದಿಲ್ಲ, ತುಕ್ಕು ಹಿಡಿಯುತ್ತದೆ ಎನ್ನುವವರೂ ಇದ್ದಾರೆ. ನಮ್ಮ ಕರಾವಳಿಗೆ ಯಾವುದು ಸರಿ? ಅಳತೆ, ಕ್ರಮ ಸಮೇತ ಹೇಳಿದರೆ ಉಪಕಾರ.

---

ಮೂರನೇ_ಬಕೆಟ್

ಸರ್, ಕೈಯೋ ಮಷಿನ್ನೋ ಎಂದು ಕೇಳುವ ಮೊದಲು ನೋಡಬೇಕಾದ್ದು ಒಂದೇ: ಬಟ್ಟೆಯಾಗಲಿ ಬ್ರಷ್ಷಾಗಲಿ ಬಣ್ಣಕ್ಕೆ ತಾಗುವ ಹೊತ್ತಿಗೆ ಅಲ್ಲಿದ್ದ ಮಣ್ಣಿನ ಹರಳು ಇಳಿದು ಹೋಗಿದೆಯೇ? ಹೋಗಿದ್ದರೆ ಎರಡೂ ಅಡ್ಡಿಲ್ಲ. ಹೋಗಿರದಿದ್ದರೆ ಎರಡೂ ಗೀರುತ್ತವೆ.

ಕಾರಿನ ಬಣ್ಣದ ಮೇಲೆ ಹೊಳಪು ಕೊಡುವ ಕ್ಲಿಯರ್ ಕೋಟ್ ಪದರ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್, ತಲೆಗೂದಲಿಗಿಂತ ತೆಳು. ನಮ್ಮ ಚಿರೆಕಲ್ಲಿನ ಮಣ್ಣು ಬೆರಳಿಗೆ ನುಣುಪು ಅನ್ನಿಸಿದರೂ ಅದರಲ್ಲಿ ಕಬ್ಬಿಣದ ಆಕ್ಸೈಡಿನ ಗಟ್ಟಿ ಕಣ, ಬೆಣಚುಕಲ್ಲಿನ ಪುಡಿ ಸೇರಿರುತ್ತದೆ. ಬೆಣಚುಕಲ್ಲು ಕ್ಲಿಯರ್ ಕೋಟಿಗಿಂತ ಎಷ್ಟೋ ಪಾಲು ಗಟ್ಟಿ. ಒಣಗಿದ ರಾಡಿಯ ಮೇಲೆ ಒಂದು ಸಲ ಒದ್ದೆ ಬಟ್ಟೆ ಎಳೆದರೆ ಸಾಕು, ನೀವು ಹೇಳಿದ ಜೇಡರ ಬಲೆ ತಯಾರು. ಗಾಢ ಬಣ್ಣದಲ್ಲಿ ಇದು ಎದ್ದು ಕಾಣುತ್ತದೆ. ಬಿಳಿ ಕಾರಿನಲ್ಲಿ ಇರುತ್ತದೆ, ಕಾಣುವುದಿಲ್ಲ ಅಷ್ಟೆ.

ಬ್ರಷ್ ಮಷಿನ್ನಿನ ತೊಂದರೆ ಬ್ರಷ್ಷಿನ ಕೂದಲಲ್ಲಿ ಇಲ್ಲ, ಅದು ಸರದಿಯಲ್ಲಿ ಎಲ್ಲರ ಗಾಡಿಗೂ ತಾಗುವುದರಲ್ಲಿದೆ. ನಿಮ್ಮ ಮುಂದೆ ಘಟ್ಟ ಇಳಿದು ಬಂದ ಜೀಪು ಹೊಕ್ಕಿದ್ದರೆ ಅದರ ಕೆಸರು ಬ್ರಷ್ಷಿನ ಬುಡದಲ್ಲಿ ಕೂತು ನಿಮ್ಮ ಬಾಗಿಲಿಗೆ ಬರುತ್ತದೆ. ಹಳೆಯ ನೈಲಾನ್ ಕೂದಲಿಗಿಂತ ಮೆತ್ತನೆ ಫೋಮಿನ ಪಟ್ಟಿ ಇರುವ ಮಷಿನ್ ಎಷ್ಟೋ ವಾಸಿ, ಹರಳು ಅದರಲ್ಲಿ ಅಷ್ಟಾಗಿ ಸಿಕ್ಕಿಕೊಳ್ಳುವುದಿಲ್ಲ. ಆದರೂ ಮಳೆಗಾಲದಲ್ಲಿ ನೇರವಾಗಿ ಅದರೊಳಗೆ ಓಡಿಸಬೇಡಿ.

ಮನೆಯಲ್ಲಿ ತೊಳೆಯುವ ಕ್ರಮ. ಬೆಳಿಗ್ಗೆ 9ರ ಒಳಗೆ ಅಥವಾ ನೆರಳಲ್ಲಿ, ಬಾನೆಟ್ ಕೈಗೆ ತಣ್ಣಗೆ ಇರುವಾಗ ಮಾತ್ರ. 15 ಲೀಟರಿನ ಎರಡು ಬಕೆಟ್ ದೇಹಕ್ಕೆ, ಮೂರನೆಯದು ಚಕ್ರಕ್ಕೆ. ಮೊದಲು ಚಕ್ರ ಮುಗಿಸಿಕೊಳ್ಳಿ, ಯಾಕೆಂದರೆ ಬ್ರೇಕಿನ ಕಪ್ಪು ಪುಡಿ ಸಿಡಿದು ತೊಳೆದ ಬಾಗಿಲಿನ ಮೇಲೆ ಬೀಳುತ್ತದೆ. ಆ ಬಕೆಟ್, ಆ ಬ್ರಷ್ ಮತ್ತೆ ಬಣ್ಣದ ಹತ್ತಿರ ಬರಕೂಡದು.

ನಂತರ ಪೈಪಿನಲ್ಲಿ ಕಾರಿನ ಮಾಡಿನಿಂದ ಕೆಳಗೆ ಸಾವಕಾಶ ನೀರು ಬಿಡಿ. ರಾಡಿ ಇರುವ ಕಡೆ 3–4 ನಿಮಿಷ ನೆನೆಯಲಿ. ಒಣಗಿ ಕಲ್ಲಾದ ಕೆಸರಿನ ಮೇಲೆ ಹತ್ತಿರದಿಂದ ಪ್ರೆಶರ್ ಹೊಡೆದರೆ ಹರಳು ಬಣ್ಣದ ಮೇಲೇ ಜಾರಿ ಗೀರುತ್ತದೆ. ನೆನೆದು ಮೆತ್ತಗಾದ ಮೇಲೆ ಹೊಡೆದರೆ ತಾನಾಗಿ ಬಿಟ್ಟುಕೊಳ್ಳುತ್ತದೆ. ಮನೆಬಳಕೆಯ ಪ್ರೆಶರ್ ವಾಶರ್ 100–130 ಬಾರ್ ಇರುತ್ತದೆ. ಬೀಸಣಿಗೆಯಂತೆ ಹರಡುವ 25 ಅಥವಾ 40 ಡಿಗ್ರಿ ನಾಜಲ್ ಹಾಕಿ, ಬಣ್ಣದಿಂದ ಒಂದು ಅಡಿ ದೂರ ಇಡಿ. ಸೂಜಿಯಂತೆ ಒಂದೇ ಗೆರೆ ಹೊಡೆಯುವ ನಾಜಲ್ ಕಾರಿಗೆ ಬೇಡವೇ ಬೇಡ. ಬಾಗಿಲಿನ ರಬ್ಬರ್ ಬೀಡಿಂಗ್, ಕಲ್ಲು ಸಿಡಿದು ಬಣ್ಣ ಎದ್ದ ಜಾಗ, ಮುಂದಿನ ಜಾಲರಿಯ ಹಿಂದಿರುವ ಎಸಿ ಕಂಡೆನ್ಸರ್ ಇವುಗಳಿಗೆ ನೇರ ಹೊಡೆಯಬಾರದು. ಕಂಡೆನ್ಸರಿನ ರೆಕ್ಕೆಗಳು ಕಾಗದದ ಹಾಗೆ ಮಡಚಿ ಗಾಳಿ ಹೋಗುವ ದಾರಿ ಮುಚ್ಚುತ್ತವೆ.

ಶಾಂಪೂ ಕಾರಿನದ್ದೇ ಇರಲಿ. ಬಟ್ಟೆ ಒಗೆಯುವ ಪುಡಿ ಕ್ಷಾರ, ವ್ಯಾಕ್ಸ್ ಪದರವನ್ನು ಎಬ್ಬಿಸಿಬಿಡುತ್ತದೆ. ಪಾತ್ರೆ ತೊಳೆಯುವ ದ್ರವವೂ ಅಷ್ಟೆ. ಫೋಮ್ ಬಾಟಲಿ ಇದ್ದರೆ 1 ಲೀಟರಿಗೆ 80–100 ಮಿಲಿ, ಬಕೆಟ್ಟಿಗಾದರೆ 10 ಲೀಟರಿಗೆ 15–20 ಮಿಲಿ. ನಿಮ್ಮ ಬಾಟಲಿಯ ಮೇಲೆ ಬೇರೆ ಅಳತೆ ಬರೆದಿದ್ದರೆ ಅದೇ ಸರಿ. ನೊರೆ 4–5 ನಿಮಿಷ ಇರಲಿ, ಒಣಗಲು ಬಿಡಬೇಡಿ, ತೊಳೆದುಹಾಕಿ. ಈಗ ಕೈ. ಒಂದು ಬಕೆಟ್ಟಿನಲ್ಲಿ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಮೈಕ್ರೋಫೈಬರ್ ಕೈಚೀಲವನ್ನು ಶಾಂಪೂವಿನಲ್ಲಿ ಅದ್ದಿ, ಒಂದು ಭಾಗ ಮುಗಿಸಿ, ಬರೀ ನೀರಿನಲ್ಲಿ ಜಾಲಿಸಿ, ಹಿಂಡಿ, ಮತ್ತೆ ಶಾಂಪೂವಿಗೆ. ಮಾಡು, ಗಾಜು, ಬಾನೆಟ್, ಬಾಗಿಲಿನ ಮೇಲರ್ಧ, ಕೊನೆಗೆ ಕೆಳರ್ಧ ಮತ್ತು ಹಿಂದಿನ ಬಂಪರ್. ನೇರ ಗೆರೆಯಲ್ಲಿ ಎಳೆಯಿರಿ, ಗುಂಡಗೆ ಉಜ್ಜಬೇಡಿ. ಜಾಲಿಸುವ ಬಕೆಟ್ಟಿನ ತಳ ಕಾಣದಷ್ಟು ನೀರು ಕೆಂಪಾಯಿತೆಂದರೆ ಚೆಲ್ಲಿ ಹೊಸದು ಹಾಕಿ. ಕೈಚೀಲ ಅಂಗಳಕ್ಕೆ ಬಿದ್ದರೆ ಆ ದಿನ ಅದನ್ನು ಮತ್ತೆ ಮುಟ್ಟಬೇಡಿ.

ಒರೆಸಲು ಹಳೇ ಬನಿಯನ್, ಹರಿದ ಪಂಚೆ ಬೇಡ. ದಪ್ಪ ಮೈಕ್ರೋಫೈಬರ್ ಟವೆಲ್ ಹಾಸಿ, ಮೆಲ್ಲ ಒತ್ತಿ ನೀರು ಹೀರಿಸಿ. ಆ ಟವೆಲನ್ನು ಚಿರೆಕಲ್ಲಿನ ಪಾಗಾರದ ಮೇಲೆ ಒಣಹಾಕಿದರೆ ಇಷ್ಟೆಲ್ಲ ಮಾಡಿದ್ದು ದಂಡ. ಕಲ್ಲಿನ ಪುಡಿ ಎಳೆಗಳಲ್ಲಿ ಸೇರುತ್ತದೆ, ಮುಂದಿನ ವಾರ ಅದೇ ಸ್ಯಾಂಡ್‌ಪೇಪರ್ ಆಗುತ್ತದೆ.

---

ಪಾಟಾ_ಬುಷ್

ಮೇಲಿನವರು ಬಣ್ಣದ ಬಗ್ಗೆ ಹೇಳಿದ್ದು ಪೂರ್ತಿ ಸರಿ. ಆದರೆ ಅರ್ಧ ಕಿಲೋಮೀಟರಿನಲ್ಲಿ ಸಮುದ್ರ ಇರುವ ಕಾರಿನ ಆಯುಷ್ಯ ತೀರ್ಮಾನವಾಗುವುದು ಅದರ ಕೆಳಗೆ. ಗೀರನ್ನು ಪಾಲಿಶ್ ಮಾಡಿ ತೆಗೆಯಬಹುದು, ತೂತಾದ ಬ್ರೇಕ್ ಪೈಪನ್ನು ಹಾಗೆ ಮಾಡಲಾಗದು.

ಉಪ್ಪು ಸುಮ್ಮನೆ ಕೂತಿರುವುದಿಲ್ಲ. ಗಾಳಿಯ ತೇವಾಂಶ ಸುಮಾರು ಶೇ. 75 ದಾಟಿದರೆ ಉಪ್ಪಿನ ಹರಳು ಗಾಳಿಯಿಂದಲೇ ನೀರು ಎಳೆದುಕೊಂಡು ಕರಗುತ್ತದೆ. ಕಾರವಾರದಲ್ಲಿ ಮಳೆಗಾಲವಿಡೀ, ಬೇಸಿಗೆಯಲ್ಲೂ ರಾತ್ರಿ ಹೊತ್ತು, ತೇವಾಂಶ ಅದಕ್ಕಿಂತ ಮೇಲೆಯೇ ಇರುತ್ತದೆ. ಅಂದರೆ ಶೆಡ್ಡಿನಲ್ಲಿ ನಿಂತ ಕಾರಿನ ತಳ ಮಳೆ ಬೀಳದೆಯೂ ಒದ್ದೆ, ಅದೂ ಉಪ್ಪುನೀರಿನಲ್ಲಿ. ಶೆಡ್ ಇದ್ದರೆ ಮಳೆನೀರಾದರೂ ಉಪ್ಪನ್ನು ತೊಳೆಯುವುದಿಲ್ಲ ಎನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಇದರ ಮೇಲೆ ಹೆದ್ದಾರಿ 66ರಲ್ಲಿ ಮೀನಿನ ಲಾರಿಗಳಿಂದ ಸೋರುವ ಉಪ್ಪುನೀರು. ಲಾರಿಯ ಹಿಂದೆಯೇ ಹತ್ತಿರದಲ್ಲಿ ಬಹಳ ದೂರ ಓಡಿಸಿದರೆ ಮುಂಬದಿಯ ತಳಕ್ಕೆ ಪೂರ್ತಿ ಅಭಿಷೇಕ.

ಮೊದಲು ತುಕ್ಕು ಕಾಣುವ ಜಾಗಗಳು: ಸೈಲೆನ್ಸರಿನ ಬೆಸುಗೆ, ಹಿಂದಿನ ಆಕ್ಸಲ್ ಬೀಮ್, ಶಾಕ್ ಅಬ್ಸಾರ್ಬರಿನ ಸ್ಪ್ರಿಂಗ್ ಕೂರುವ ತಟ್ಟೆ, ಬ್ರೇಕ್ ಪೈಪಿನ ಕ್ಲಿಪ್ಪು, ಜ್ಯಾಕ್ ಕೊಡುವ ಅಂಚು, ಬಾಗಿಲಿನ ಕೆಳ ಮಡಿಕೆ. ಮಡ್‌ಗಾರ್ಡಿನ ಒಳಗಿನ ಪ್ಲಾಸ್ಟಿಕ್ ಲೈನರ್ ಮತ್ತು ತಗಡಿನ ನಡುವೆ ಘಟ್ಟದ ಕೆಸರು ಹೊಕ್ಕು ಸ್ಪಂಜಿನ ಹಾಗೆ ತೇವ ಹಿಡಿದಿಡುತ್ತದೆ. ಅಲ್ಲಿಗೆ ಕೈಬೆರಳು ಹಾಕಿ ಮಣ್ಣು ಇದೆಯೇ ನೋಡಿ, ಇದ್ದರೆ ಕೆಳಗಿನಿಂದ ಮೇಲಕ್ಕೆ ನೀರು ಬಿಟ್ಟು ಬಿಡಿಸಬೇಕು.

ಇದಕ್ಕೆ ಬ್ರಷ್ಷಿನ ಆಟೋಮ್ಯಾಟಿಕ್ ಮಷಿನ್ ಉಪಯೋಗವಿಲ್ಲ, ತಳಕ್ಕೆ ಪ್ರತ್ಯೇಕ ಜೆಟ್ ಇದ್ದರೆ ಮಾತ್ರ ಸ್ವಲ್ಪ ಪ್ರಯೋಜನ. ನಮ್ಮ ಕಡೆ ಸಿಗುವ ಹೈಡ್ರಾಲಿಕ್ ಲಿಫ್ಟಿನ ವಾಟರ್ ಸರ್ವಿಸ್ ಈ ಕೆಲಸಕ್ಕೆ ಬೇಕಾದ್ದು. ತಿಂಗಳಿಗೊಮ್ಮೆ ತಳ ತೊಳೆಸಿ. ಕಡಲ ದಂಡೆಯ ಹೊಯ್ಗೆಯಲ್ಲಿ ಗಾಡಿ ಇಳಿದಿದ್ದರೆ ಮಾರನೇ ದಿನಕ್ಕೂ ಕಾಯಬೇಡಿ. ಹೋಗುವಾಗ ಮೂರು ಮಾತು ಮೊದಲೇ ಹೇಳಿಬಿಡಿ.

ಒಂದು, ತಳಕ್ಕೆ ಡೀಸೆಲ್, ಸೀಮೆಎಣ್ಣೆ, ಹಳೇ ಆಯಿಲ್ ಹೊಡೆಯಬೇಡಿ ಎಂದು. ಕಪ್ಪಗೆ ಹೊಳೆಯುತ್ತದೆ ಎಂದು ಹೊಡೆಯುವ ರೂಢಿ ಇದೆ. ಸಸ್ಪೆನ್ಶನ್ ಬುಷ್, ಸೈಲೆನ್ಸರ್ ನೇತಾಡುವ ರಬ್ಬರ್ ಇವೆಲ್ಲ ಪೆಟ್ರೋಲಿಯಂ ಎಣ್ಣೆಯಲ್ಲಿ ಉಬ್ಬಿ, ಮೆತ್ತಗಾಗಿ, ಬೇಗ ಸೀಳುತ್ತವೆ. ಎಣ್ಣೆಗೆ ಧೂಳು ಅಂಟಿ ಉಪ್ಪಿನ ಜೊತೆ ಲೇಪವಾಗಿ ಕೂರುತ್ತದೆ. ಎರಡು, ಎಂಜಿನ್ ಮೇಲೆ ಪ್ರೆಶರ್ ಬೇಡ; ಅಲ್ಟರ್ನೇಟರ್, ಸೆನ್ಸರ್ ಕನೆಕ್ಟರ್, ಫ್ಯೂಸ್ ಪೆಟ್ಟಿಗೆ ಅಲ್ಲೇ ಇವೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಮೂರು, ಬಣ್ಣದ ಭಾಗವನ್ನು ಅವರ ಸ್ಪಂಜಿನಲ್ಲಿ ಉಜ್ಜುವುದು ಬೇಡ, ತಳ ಮಾತ್ರ. ಲಿಫ್ಟಿನ ತೋಳು ತಾಗಿರುವ ಜಾಗಕ್ಕೆ ನೀರು ಹೋಗುವುದಿಲ್ಲ, ಕೆಳಗಿಳಿಸಿದ ಮೇಲೆ ಅಲ್ಲಿಗೆ ಒಂದು ಸಲ ಹೊಡೆಸಿ.

ಲಿಫ್ಟು ಹತ್ತಿರ ಇಲ್ಲದವರು ತೋಟಕ್ಕೆ ನೀರು ಚಿಮ್ಮಿಸುವ ಸಣ್ಣ ಸ್ಪ್ರಿಂಕ್ಲರನ್ನು ಕಾರಿನ ಅಡಿಗೆ ತಳ್ಳಿ, ಮುಂದೆ 5 ನಿಮಿಷ, ಹಿಂದೆ 5 ನಿಮಿಷ ಬಿಡಬಹುದು. ಒತ್ತಡ ಕಡಿಮೆ, ಆದರೆ ಕರಗುವ ಉಪ್ಪಿಗೆ ಒತ್ತಡಕ್ಕಿಂತ ನೀರು ಹರಿಯುವುದು ಮುಖ್ಯ. ಗಟ್ಟಿ ಕೆಸರಿಗೆ ಮಾತ್ರ ಇದು ಸಾಲದು.

ತುಕ್ಕು ತಡೆಯುವ ಅಂಡರ್‌ಬಾಡಿ ಕೋಟಿಂಗ್ ಮಾಡಿಸುವುದಿದ್ದರೆ ಮಿರ್ಗ (ಮೃಗಶಿರಾ ಮಳೆ) ಹಿಡಿಯುವ ಮೊದಲು, ಏಪ್ರಿಲ್–ಮೇನಲ್ಲಿ, ತಳ ತೊಳೆದು ಪೂರ್ತಿ ಒಣಗಿದ ಮೇಲೆ. ಉಪ್ಪಿನ ಮೇಲೆಯೇ ಬಳಿದರೆ ಕೋಟಿಂಗಿನ ಒಳಗೆ ತುಕ್ಕು ಬೆಳೆಯುತ್ತದೆ, ಹೊರಗೆ ಗೊತ್ತಾಗುವುದಿಲ್ಲ. ಬಾಗಿಲು ಮತ್ತು ಸಿಲ್ಲಿನ (ಬಾಗಿಲಿನಡಿಯ ಹೊಸ್ತಿಲಿನ) ಕೆಳಗಿರುವ ನೀರು ಇಳಿಯುವ ತೂತುಗಳನ್ನು ಮುಚ್ಚಿಬಿಡುವುದು ಅಲ್ಲಿ ಆಗುವ ದೊಡ್ಡ ತಪ್ಪು.

---

ಅರಬೈಲ್_ತಿರುವು

ಒಂದು ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. "ಕೈ" ಎಂದರೆ ಎಲ್ಲರೂ ಎರಡು ಬಕೆಟ್ ಎಂದು ತಿಳಿಯುವುದಿಲ್ಲ. ಅಪಾರ್ಟ್‌ಮೆಂಟಿನಲ್ಲಿ ಬೆಳಿಗ್ಗೆ ಒಂದೇ ಬಕೆಟ್, ಒಂದೇ ಬಟ್ಟೆಯಲ್ಲಿ ಹತ್ತು ಕಾರು ಒರೆಸುವುದೂ ಕೈಯೇ. ನೀರು ಹಾಕದೆ ದಿನಾ ಧೂಳು ಒರೆಸುವ ಆ ಪದ್ಧತಿ ಬ್ರಷ್ ಮಷಿನ್ನಿಗಿಂತಲೂ ಹೆಚ್ಚು ಗೀರು ಹಾಕುತ್ತದೆ, ಯಾಕೆಂದರೆ ಮಷಿನ್ ಉಜ್ಜುವ ಮೊದಲು ನೀರಾದರೂ ಹಾಕುತ್ತದೆ. ನಿಮ್ಮ ಬಾನೆಟ್ಟಿನ ಸುತ್ತು ಗೀರು ದಿನನಿತ್ಯದ ಒರೆಸುವಿಕೆಯಿಂದ ಬಂದದ್ದಿರಬಹುದು, ಅದನ್ನು ಮೊದಲು ನಿಲ್ಲಿಸಿ. ಧೂಳು ಇದ್ದರೆ ಇರಲಿ, ತೊಳೆಯುವ ದಿನದವರೆಗೆ ಮುಟ್ಟದಿದ್ದರೆ ಅದು ಏನೂ ಮಾಡುವುದಿಲ್ಲ.

ಎರಡು ಬಕೆಟ್ಟಿಗೆ ಒಂದೂವರೆ ತಾಸು ಬೇಕು. ಅಷ್ಟು ಹೊತ್ತು ಇಲ್ಲದವರಿಗೆ ದೊಡ್ಡ ಊರುಗಳಲ್ಲಿರುವ, ಬ್ರಷ್ಷೇ ಇಲ್ಲದ ಟಚ್‌ಲೆಸ್ ಮಷಿನ್ ನಡುವಿನ ದಾರಿ. ಅದು ಉಜ್ಜುವ ಬದಲು ಬಲವಾದ ಕ್ಷಾರದ ರಾಸಾಯನಿಕ ಮತ್ತು ಒತ್ತಡದ ಮೇಲೆ ಕೆಲಸ ಮಾಡುತ್ತದೆ. ಆದ್ದರಿಂದ ವ್ಯಾಕ್ಸ್ ಬೇಗ ಹೋಗುತ್ತದೆ, ರಾಡಿಯ ಕೊನೆಯ ತೆಳು ಪದರ ಉಳಿದುಕೊಳ್ಳುತ್ತದೆ. ಆ ಪದರವನ್ನು ಹೊರಬಂದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿದರೆ ಅಲ್ಲಿಗೆ ಲಾಭ ಮುಗಿಯಿತು.

ಯಾವ ಮಷಿನ್ ಆದರೂ ಹೊಕ್ಕುವ ಮುಂಚೆ ವೈಪರ್ ಆಟೋದಲ್ಲಿದ್ದರೆ ಆಫ್ ಮಾಡಿ, ಕನ್ನಡಿ ಮಡಚಿ, ಆಂಟೆನಾ ಬಿಚ್ಚಿ. ಬ್ರಷ್ಷಿನದ್ದಾದರೆ ಹಿಂದಿನ ವೈಪರ್ ಮತ್ತು ಹೊರಗಿನಿಂದ ಅಂಟಿಸಿದ ರೇನ್ ವೈಸರ್ ಸಿಕ್ಕಿ ಕಿತ್ತುಬರುವುದುಂಟು. ನೀರು ಮರುಬಳಕೆ ಮಾಡುವ ಜಾಗವಾದರೆ ಕೊನೆಯ ಸುತ್ತು ಹೊಸ ನೀರಿನದ್ದೇ ಎಂದು ಕೇಳಿಕೊಳ್ಳಿ. ಮಣ್ಣು, ಎಣ್ಣೆ ಸೋಸಿ ತೆಗೆಯಬಹುದು, ಕರಗಿದ ಉಪ್ಪು ಸಾದಾ ಫಿಲ್ಟರಿಗೆ ಸಿಗುವುದಿಲ್ಲ.

---

ಕಡಲತಡಿ_ಕಾರವಾರ

ತುಂಬಾ ಉಪಕಾರ. ದಿನಾ ಒರೆಸುವುದು ನಿಜ, ಇವತ್ತಿಗೇ ನಿಲ್ಲಿಸುತ್ತೇನೆ. ಇನ್ನೆರಡು ಪ್ರಶ್ನೆ. ತೊಳೆದ ಮೇಲೆ ಬಿಳಿ ಬಿಳಿ ಚುಕ್ಕೆ ಉಳಿಯುತ್ತದೆ, ನೀರು ಬೋರಿನದ್ದು, ಬೇಸಿಗೆಯಲ್ಲಿ ಬಾಯಿಗೆ ಸ್ವಲ್ಪ ಉಪ್ಪು. ಶಿರಸಿಯಲ್ಲಿ ತೋಟದ ಪಕ್ಕ ನಿಲ್ಲಿಸಿದಾಗ ತಿಳಿನೀಲಿ ಚುಕ್ಕೆಗಳು ಬಿದ್ದಿವೆ, ಶಾಂಪೂವಿಗೆ ಹೋಗಲಿಲ್ಲ. ಏನು ಮಾಡಬೇಕು?

---

ಮೂರನೇ_ಬಕೆಟ್

ಬಾಯಿಗೆ ಉಪ್ಪೆನ್ನಿಸುವ ನೀರಿನಲ್ಲಿ ಕಾರು ತೊಳೆದರೆ ಉಪ್ಪು ತೆಗೆದು ಉಪ್ಪೇ ಹಚ್ಚಿದ ಹಾಗೆ. ಕರಾವಳಿಯಲ್ಲಿ ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದೇ ಆಗಿತ್ತು. ಅಂಗಡಿಯಲ್ಲಿ ನೀರಿನಲ್ಲಿ ಕರಗಿದ ಲವಣ ಅಳೆಯುವ, ಪೆನ್ನಿನಂಥ ಟಿಡಿಎಸ್ ಮೀಟರ್ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. 150ರ ಒಳಗಿದ್ದರೆ ಚುಕ್ಕೆಯ ಕಾಟ ಕಡಿಮೆ. 500 ದಾಟಿದರೆ ಎಷ್ಟು ಬೇಗ ಒರೆಸಿದರೂ ಮೂಲೆಗಳಲ್ಲಿ ಗುರುತು ಉಳಿಯುತ್ತದೆ. ಏಪ್ರಿಲ್–ಮೇನಲ್ಲಿ ಮತ್ತೆ ಅಳೆಯಿರಿ, ದಂಡೆಯ ಹತ್ತಿರದ ಬಾವಿ, ಬೋರುಗಳಲ್ಲಿ ಅಂತರ್ಜಲ ಇಳಿದಂತೆ ಉಪ್ಪು ಏರುತ್ತದೆ.

ಎಲ್ಲಾ ನೀರೂ ಸಿಹಿಯಾಗಬೇಕೆಂದಿಲ್ಲ. ಕೊನೆಯ ಜಾಲಿಸುವಿಕೆ ಸಿಹಿನೀರಿನದ್ದಾದರೆ ಸಾಕು, ತೋಟಕ್ಕೆ ಹನಿಸುವ ಝಾರಿಯಲ್ಲಿ ಮಾಡಿನಿಂದ ಸುರಿಯಲು 10–15 ಲೀಟರ್. ನಮ್ಮಲ್ಲಿ ನಾಲ್ಕು ತಿಂಗಳು ಆಕಾಶವೇ ಆ ನೀರು ಕೊಡುತ್ತದೆ. ಮೊದಲ ಒಂದೆರಡು ಮಳೆಗೆ ಮನೆಯ ಮಾಡಿನ ಧೂಳು, ಉಪ್ಪು ತೊಳೆದು ಹೋಗಲಿ, ಆಮೇಲೆ ಬಿದ್ದದ್ದನ್ನು ಬಟ್ಟೆಯಲ್ಲಿ ಸೋಸಿ ಡ್ರಮ್ಮಿನಲ್ಲಿ ಹಿಡಿದು ಮುಚ್ಚಿಡಿ. ಅಡುಗೆಮನೆಯ ಆರ್‌ಓ ಹೊರಬಿಡುವ ನೀರನ್ನು ಇದಕ್ಕೆ ಬಳಸಬೇಡಿ. ಒಳಬಂದ ನೀರಿಗಿಂತ ಅದರಲ್ಲಿ ಲವಣ ಹೆಚ್ಚು.

ಈಗಿರುವ ಬಿಳಿ ಚುಕ್ಕೆಗೆ: ತೊಳೆದ, ತಣ್ಣಗಿನ ಬಣ್ಣದ ಮೇಲೆ ಬಿಳಿ ವಿನೆಗರ್ ಒಂದು ಪಾಲು, ನೀರು ಒಂದು ಪಾಲು. ಒದ್ದೆ ಬಟ್ಟೆಯನ್ನು ಚುಕ್ಕೆಯ ಮೇಲೆ ಅರ್ಧ ನಿಮಿಷ ಇಟ್ಟು ಎತ್ತಿ, ನೀರು ಸುರಿದು, ಶಾಂಪೂ ಹಾಕಿ ತೊಳೆಯಿರಿ. ಬಣ್ಣ ಎದ್ದು ತಗಡು ಕಾಣುವ ಕಡೆ ತಾಗಿಸಬೇಡಿ. ಹೋಗದಿದ್ದರೆ ಲವಣ ಕ್ಲಿಯರ್ ಕೋಟನ್ನು ತಿಂದು ಗುಳಿ ಮಾಡಿದೆ ಎಂದು ಅರ್ಥ, ಅದಕ್ಕೆ ಪಾಲಿಶ್ಷೇ ಬೇಕು. ಆಮೇಲೆ ವ್ಯಾಕ್ಸ್ ಹಚ್ಚಿ. ಕಾರ್ನೂಬಾ ವ್ಯಾಕ್ಸ್ ನಮ್ಮ ಹವೆಯಲ್ಲಿ ಆರೆಂಟು ವಾರಕ್ಕಿಂತ ಹೆಚ್ಚು ನಿಲ್ಲುವುದಿಲ್ಲ, ಸಿಂಥೆಟಿಕ್ ಸೀಲೆಂಟ್ ಅದಕ್ಕಿಂತ ಹೆಚ್ಚು ದಿನ ಬರುತ್ತದೆ. ಮಳೆಗಾಲಕ್ಕೆ ಮುಂಚೆ ಸೀಲೆಂಟೇ ಒಳ್ಳೆಯದು.

---

ಅಡಕೆ_ಅಂಗಳ

ಆ ತಿಳಿನೀಲಿ ಚುಕ್ಕೆ ಬೋರ್ಡೋ ಮಾರಾಯ್ರೆ. ಕೊಳೆರೋಗಕ್ಕೆ ಅಡಕೆ ಗೊನೆಗೆ ಹೊಡೆಯುವ ಮದ್ದು: 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಮಳೆ ಹಿಡಿಯುವ ಮೊದಲು ಒಂದು ಸಲ, 40–45 ದಿನ ಬಿಟ್ಟು ಇನ್ನೊಂದು ಸಲ ಹೊಡೆಯುತ್ತಾರೆ. ಗಾಳಿ ಇದ್ದರೆ ತೋಟದಿಂದ ದೂರಕ್ಕೂ ಹನಿ ಹಾರುತ್ತದೆ. ಮಳೆಗೆ ತೊಳೆದು ಹೋಗಬಾರದು ಎಂದೇ ಮಾಡಿದ ಮದ್ದು ಅದು, ಕಾರಿನ ಮೇಲೂ ಹಾಗೇ ಹಿಡಿದುಕೊಳ್ಳುತ್ತದೆ.

ಹಸಿಯಿದ್ದಾಗಲೇ ನೀರು ಸುರಿದರೆ ಪೂರ್ತಿ ಹೋಗುತ್ತದೆ. ಒಣಗಿದರೆ ಹಿಡಿದಿಟ್ಟಿರುವುದು ಸುಣ್ಣ, ಆದ್ದರಿಂದ ಮೇಲೆ ಹೇಳಿದ ವಿನೆಗರ್ ನೀರೇ ಇದಕ್ಕೂ ಮದ್ದು. ಆದರೆ ಮೊದಲು ಚೆನ್ನಾಗಿ ನೀರು ಬಿಟ್ಟು ಸಡಿಲ ಪುಡಿ ಇಳಿಸಿ, ಕರಗಿದ ತಕ್ಷಣ ಧಾರಾಳ ನೀರಿನಲ್ಲಿ ತೊಳೆಯಿರಿ. ತಾಮ್ರದ ಲವಣ ಕರಗಿ ಬರೀ ಕಬ್ಬಿಣಕ್ಕೆ ತಾಗಿದರೆ ಅಲ್ಲಿ ತುಕ್ಕು ಬೇಗ ಏಳುತ್ತದೆ. ಉಗುರಿನಿಂದ ಕೆರೆಯಬೇಡಿ.

ಮಾವಿನ ಸೊನೆ, ಹಲಸಿನ ಮೇಣಕ್ಕೆ ನೀರು, ಶಾಂಪೂ ಏನೂ ನಡೆಯುವುದಿಲ್ಲ. ಕೈಗೆ ಹಲಸಿನ ಮೇಣ ಹತ್ತಿದರೆ ಎಣ್ಣೆ ಹಚ್ಚುತ್ತೇವಲ್ಲ, ಅದೇ ಲೆಕ್ಕ: ತೆಂಗಿನೆಣ್ಣೆ ಹಚ್ಚಿ 10 ನಿಮಿಷ ಬಿಟ್ಟು, ಮೆತ್ತಗಾದ ಮೇಲೆ ಮೈಕ್ರೋಫೈಬರಿನಲ್ಲಿ ಎತ್ತಿ, ಶಾಂಪೂವಿನಲ್ಲಿ ಜಿಡ್ಡು ತೊಳೆಯುವುದು. ಬಾವಲಿ, ಹಕ್ಕಿ ಹಿಕ್ಕೆಯ ಮೇಲೆ ಒದ್ದೆ ಬಟ್ಟೆ ಹಾಕಿ ನೆನೆಸಿ ಎತ್ತಿ, ಬಿಸಿಲು ಏರುವ ಮೊದಲೇ. ಅದರ ಆಮ್ಲ ಬಿಸಿಯಾದ ಬಣ್ಣದಲ್ಲಿ ಒಂದೇ ದಿನಕ್ಕೆ ಗುರುತು ಬಿಡುತ್ತದೆ.

ಮರದಡಿ ನಿಲ್ಲಿಸುವವರು ಬಾನೆಟ್ ಎತ್ತಿ ಗಾಜಿನ ಬುಡದ ಜಾಲರಿಯಿಂದ ಎಲೆ, ಹೂವಿನ ಕಸ ತೆಗೆಯಬೇಕು. ಅಲ್ಲಿ ನೀರು ಇಳಿಯುವ ದಾರಿ ಕಟ್ಟಿದರೆ ಮಳೆಗಾಲದಲ್ಲಿ ಅದು ಕಾರಿನೊಳಗೆ ಕಾಲಿನ ಮ್ಯಾಟ್ ಅಡಿಗೆ ಬರುತ್ತದೆ.

ದಯವಿಟ್ಟು ಹಳ್ಳಕ್ಕೆ, ಹೊಳೆಗೆ ಇಳಿಸಿ ಮಾತ್ರ ತೊಳೆಯಬೇಡಿ. ಡೀಸೆಲ್, ಗ್ರೀಸು, ಶಾಂಪೂ ಕೆಳಗಿನವರ ಕುಡಿಯುವ ನೀರಿಗೆ ಹೋಗುತ್ತದೆ. ಮನೆಯಲ್ಲೂ ಬಾವಿಕಟ್ಟೆಯಿಂದ ದೂರ, ನೀರು ತೆಂಗಿನ ಬುಡದ ಕಡೆ ಹರಿಯುವ ಹಾಗೆ ನಿಲ್ಲಿಸಿ.

---

ಪಾಟಾ_ಬುಷ್

ಒಂದು ಬಿಟ್ಟುಹೋಗಿತ್ತು. ತೊಳೆದ ತಕ್ಷಣ ಹ್ಯಾಂಡ್‌ಬ್ರೇಕ್ ಎಳೆದು ಎರಡು ಮೂರು ದಿನ ನಿಲ್ಲಿಸಬೇಡಿ. ಹಿಂದಿನ ಡ್ರಮ್ಮಿನೊಳಗೆ ತೇವ ಉಳಿದು, ಬ್ರೇಕ್ ಲೈನರ್ ತುಕ್ಕಿನಿಂದ ಡ್ರಮ್ಮಿಗೆ ಅಂಟಿಕೊಂಡು ಚಕ್ರ ಜಾಮ್ ಆಗುತ್ತದೆ. ತೊಳೆದ ಮೇಲೆ 2–3 ಕಿಲೋಮೀಟರ್ ಓಡಿಸಿ, ನಡುನಡುವೆ ಮೆಲ್ಲ ಬ್ರೇಕ್ ಒತ್ತಿ ಬಿಸಿಯಲ್ಲಿ ಒಣಗಿಸಿ. ವಾಪಸು ಬಂದು ಸಮತಟ್ಟು ಜಾಗದಲ್ಲಿ ಫಸ್ಟ್ ಗೇರ್ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಬಿಟ್ಟೇ ನಿಲ್ಲಿಸಿ. ಬಾಗಿಲುಗಳನ್ನು ಒಮ್ಮೆ ತೆರೆದು ಕೆಳ ಅಂಚನ್ನು ಒರೆಸಿ. ಮುಂದಿನ ಡಿಸ್ಕಿನ ಮೇಲೆ ಮಾರನೇ ಬೆಳಿಗ್ಗೆ ಕಾಣುವ ಕಿತ್ತಳೆ ತುಕ್ಕಿಗೆ ಹೆದರಬೇಡಿ, ನಾಲ್ಕು ಬ್ರೇಕಿಗೆ ಅದು ಉಜ್ಜಿ ಹೋಗುತ್ತದೆ.